ಸೈಕಲ್ಲಿನ ಹಿಂಬದಿ ದೀಪ: ಪೆಟ್ಟಿಗೆಯ ಮೇಲಿನ ಲ್ಯುಮೆನ್ ನೋಡಿ ಕೊಳ್ಳಬೇಡಿ

ಕತ್ತಲಾದ ಮೇಲೆ ಸೈಕಲ್ ತುಳಿಯುವವರಲ್ಲಿ ಹೆಚ್ಚಿನವರು ಮುಂದಿನ ದೀಪಕ್ಕೆ ಕೊಡುವ ಗಮನದಲ್ಲಿ ಕಾಲುಭಾಗವನ್ನೂ ಹಿಂದಿನ ದೀಪಕ್ಕೆ ಕೊಡುವುದಿಲ್ಲ. ಮುಂದಿನ ದೀಪ ಮಂಕಾದರೆ ರಸ್ತೆಯ ಗುಂಡಿ ಕಾಣಿಸದೆ ಆ ಕ್ಷಣವೇ ಗೊತ್ತಾಗುತ್ತದೆ. ಹಿಂದಿನದು ಆರಿಹೋದರೂ, ಕೆಳಮುಖವಾಗಿ ಜೋತುಬಿದ್ದರೂ, ಬ್ಯಾಗಿನ ಮರೆಗೆ ಸರಿದರೂ ತುಳಿಯುವವರಿಗೆ ಅದರ ಸುಳಿವೇ ಹತ್ತುವುದಿಲ್ಲ. ಲೆಕ್ಕ ಹಾಕಿ ನೋಡಿದರೆ ಇದು ಎಷ್ಟು ದೊಡ್ಡ ಅಲಕ್ಷ್ಯ ಎಂಬುದು ತಿಳಿಯುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸಾಗುತ್ತಿರುವ ಸೈಕಲ್ಲಿನ ಹಿಂದೆ 60 ಕಿ.ಮೀ. ವೇಗದಲ್ಲಿ ಕಾರೊಂದು ಬರುತ್ತಿದ್ದರೆ, ಇಬ್ಬರ ನಡುವಿನ ಅಂತರ ಸೆಕೆಂಡಿಗೆ ಸುಮಾರು 11 ಮೀಟರಿನಂತೆ ಕರಗುತ್ತಾ ಹೋಗುತ್ತದೆ. ಸೈಕಲ್ಲು 100 ಮೀಟರ್ ದೂರದಲ್ಲೇ ಕಣ್ಣಿಗೆ ಬಿದ್ದರೆ ಚಾಲಕರಿಗೆ 9 ಸೆಕೆಂಡುಗಳ ಕಾಲಾವಕಾಶವಿರುತ್ತದೆ. 30 ಮೀಟರ್ ಹತ್ತಿರಕ್ಕೆ ಬಂದ ಮೇಲೆ ಕಂಡರೆ 3 ಸೆಕೆಂಡೂ ಉಳಿಯುವುದಿಲ್ಲ. ನೋಡಿ, ಅದು ಏನೆಂದು ಅರಿತು, ಪಕ್ಕಕ್ಕೆ ಸರಿಯಬೇಕೋ ಬ್ರೇಕ್ ಹಾಕಬೇಕೋ ಎಂದು ತೀರ್ಮಾನಿಸಿ, ಆ ತೀರ್ಮಾನವನ್ನು ಕೈಕಾಲುಗಳಿಗೆ ಮುಟ್ಟಿಸುವುದಕ್ಕೆ ಅಷ್ಟು ಸಮಯ ಸಾಲುವುದಿಲ್ಲ.

ಮೈಸೂರಿನಿಂದ ನಂಜನಗೂಡಿನ ಕಡೆಗೂ ಹುಣಸೂರಿನ ಕಡೆಗೂ ಹೋಗುವ ರಸ್ತೆಗಳಲ್ಲಿ, ಊರಿನ ಬೀದಿದೀಪಗಳ ಸಾಲು ಮುಗಿದ ಮೇಲಿನ ಕತ್ತಲಲ್ಲಿ, ಬೇರೆ ಬೇರೆ ಬಗೆಯ ಹಿಂಬದಿ ದೀಪಗಳನ್ನು ಹಾಕಿಕೊಂಡು ಓಡಾಡಿದ ಅನುಭವದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಏನೋ ಇದೆ ಎಂದು ತಿಳಿಸುವುದು ಹಿಂಬದಿ ದೀಪದ ಕೆಲಸದಲ್ಲಿ ಅರ್ಧ ಮಾತ್ರ. ಅದು ಎಷ್ಟು ದೂರದಲ್ಲಿದೆ, ರಸ್ತೆಯ ಯಾವ ಭಾಗದಲ್ಲಿದೆ, ತಮ್ಮ ವಾಹನ ಅದನ್ನು ಎಷ್ಟು ಬೇಗ ಸಮೀಪಿಸುತ್ತಿದೆ ಎಂಬುದನ್ನು ಹಿಂದಿನಿಂದ ಬರುವವರಿಗೆ ಅಂದಾಜು ಮಾಡಲು ಬಿಡುವುದು ಉಳಿದರ್ಧ. ಈ ಎರಡನೆಯ ಕೆಲಸವನ್ನು ಮಾಡದ ದೀಪ ಎಷ್ಟೇ ಪ್ರಖರವಾಗಿದ್ದರೂ ಕೊಳ್ಳಲು ಯೋಗ್ಯವಲ್ಲ.

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾದ ಲ್ಯುಮೆನ್ ಸಂಖ್ಯೆ. ಲ್ಯುಮೆನ್ ಎಂದರೆ ದೀಪದಿಂದ ಎಲ್ಲ ದಿಕ್ಕುಗಳಿಗೂ ಹೊರಡುವ ಒಟ್ಟು ಬೆಳಕಿನ ಅಳತೆ. ನಿಮ್ಮ ಹಿಂದೆ ಬರುವ ಚಾಲಕರ ಕಣ್ಣಿಗೆ ತಲುಪುವುದು ಆ ದಿಕ್ಕಿಗೆ ಹೋದ ಬೆಳಕು ಮಾತ್ರ, ಮತ್ತು ಅದನ್ನು ಅಳೆಯುವ ಮಾನ ಕ್ಯಾಂಡೆಲಾ. ಹೀಗಾಗಿ ಒಳ್ಳೆಯ ಮಸೂರವಿರುವ 20 ಲ್ಯುಮೆನ್‌ನ ದೀಪ, ಬೆಳಕನ್ನು ಆಕಾಶಕ್ಕೂ ನೆಲಕ್ಕೂ ಚೆಲ್ಲಿ ವ್ಯರ್ಥ ಮಾಡುವ 60 ಲ್ಯುಮೆನ್‌ನ ದೀಪಕ್ಕಿಂತ ದೂರದಿಂದ ಚೆನ್ನಾಗಿ ಕಾಣಬಲ್ಲದು. ಗಾರ್ಮಿನ್ ಕಂಪನಿಯ ವೇರಿಯಾ ಆರ್‌ಟಿಎಲ್515 ಎಂಬ ದುಬಾರಿ ದೀಪವನ್ನೇ ತೆಗೆದುಕೊಳ್ಳಿ. ಹಗಲಿನಲ್ಲಿ ಮಿನುಗುವಾಗ ಅದರ ಬೆಳಕು 65 ಲ್ಯುಮೆನ್. ರಾತ್ರಿ ಒಂದೇ ಸಮನೆ ಉರಿಯುವಾಗ ಬರೀ 20 ಲ್ಯುಮೆನ್. ಸೂರ್ಯನ ಬೆಳಕಿನೊಡನೆ ಪೈಪೋಟಿ ನಡೆಸಿ ಕಾಣಿಸಿಕೊಳ್ಳಲು ಹಗಲಿನಲ್ಲಿ ಹೆಚ್ಚಿನ ಪ್ರಖರತೆ ಬೇಕು, ಕತ್ತಲಲ್ಲಿ ಅಷ್ಟರ ಅಗತ್ಯವೇ ಇಲ್ಲ ಎಂಬುದನ್ನು ತಯಾರಕರೇ ಒಪ್ಪಿಕೊಂಡಂತಾಯಿತು. ಅತಿಯಾದ ಪ್ರಖರತೆಯಿಂದ ಇನ್ನೊಂದು ಕೇಡೂ ಇದೆ. ಭಾನುವಾರ ನಸುಕಿನಲ್ಲಿ ಗುಂಪಾಗಿ ಹೊರಟಾಗ ಮುಂದಿನವರ ಸೀಟಿನ ಕೆಳಗೆ ಕಣ್ಣು ಕುಕ್ಕುವ ದೀಪವಿದ್ದರೆ, ಹಿಂದಿನವರಿಗೆ ರಸ್ತೆಯ ಹಂಪ್ ಕಾಣುವುದಿಲ್ಲ. ಆದ್ದರಿಂದ ಕಡಿಮೆ ಬೆಳಕಿನ ಒಂದು ಹಂತವೂ ಇರುವ ದೀಪವನ್ನೇ ಆರಿಸಿಕೊಳ್ಳಬೇಕು.

ಮಿನುಗುವ ದೀಪ ಒಳ್ಳೆಯದೋ, ಒಂದೇ ಸಮನೆ ಉರಿಯುವುದು ಒಳ್ಳೆಯದೋ ಎಂಬ ಚರ್ಚೆ ಸೈಕಲ್ ಸವಾರರ ನಡುವೆ ಬಹಳ ಹಳೆಯದು. ದೇಶ ದೇಶಗಳ ಕಾನೂನುಗಳಲ್ಲೇ ಒಮ್ಮತವಿಲ್ಲ. ಜರ್ಮನಿಯ ವಾಹನ ನಿಯಮಗಳ ಪ್ರಕಾರ ಸೈಕಲ್ಲಿನ ಹಿಂಬದಿ ದೀಪ ಮಿನುಗುವಂತಿಲ್ಲ. ಅದನ್ನು ನೆಲದಿಂದ 25 ಸೆಂ.ಮೀ.ಗಿಂತ ಕೆಳಗಾಗಲಿ 120 ಸೆಂ.ಮೀ.ಗಿಂತ ಮೇಲಾಗಲಿ ಕಟ್ಟುವಂತಿಲ್ಲ. ಬ್ರಿಟನ್ನಿನಲ್ಲಿ 2005ರಿಂದ ಮಿನುಗುವ ದೀಪಕ್ಕೆ ಅನುಮತಿಯಿದೆ, ಆದರೆ ಅದು ನಿಮಿಷಕ್ಕೆ 60ರಿಂದ 240 ಬಾರಿ ಮಿನುಗಬೇಕು ಮತ್ತು ಕನಿಷ್ಠ 4 ಕ್ಯಾಂಡೆಲಾದಷ್ಟಾದರೂ ಬೆಳಕು ಕೊಡಬೇಕು. ಅಲ್ಲಿನ ಕಾನೂನೂ ಲ್ಯುಮೆನ್ ಕೇಳುವುದಿಲ್ಲ ಎಂಬುದನ್ನು ಗಮನಿಸಿ.

ನನ್ನ ಮಟ್ಟಿಗೆ ಹೇಳುವುದಾದರೆ, ಬೀದಿದೀಪವಿಲ್ಲದ ರಸ್ತೆಗೆ ಮುಖ್ಯ ದೀಪವಾಗಿ ಒಂದೇ ಸಮನೆ ಉರಿಯುವುದೇ ಸರಿ. ಗೆಳೆಯರೊಬ್ಬರ ಸೈಕಲ್ಲಿನ ದೀಪವನ್ನು ಮಿನುಗಿಸಿ, ಅವರನ್ನು ಮುಂದೆ ಬಿಟ್ಟು, ಹಿಂದಿನಿಂದ ಕಾರಿನಲ್ಲಿ ಕುಳಿತು ನೋಡಿದಾಗ ಇದು ನನಗೆ ಮನವರಿಕೆಯಾಯಿತು. ದೀಪ ಬಲು ಬೇಗ ಗಮನ ಸೆಳೆಯಿತು, ಅದರಲ್ಲಿ ಸಂದೇಹವಿಲ್ಲ. ಆದರೆ ಪ್ರತಿ ಬಾರಿ ಆರಿ ಮತ್ತೆ ಹೊತ್ತಿಕೊಂಡಾಗಲೂ ಅದು ಇದ್ದ ಜಾಗವನ್ನು ಕಣ್ಣು ಹೊಸದಾಗಿ ಹುಡುಕಬೇಕಾಗುತ್ತಿತ್ತು, ಸುತ್ತಲೂ ಕಗ್ಗತ್ತಲೆಯಿದ್ದುದರಿಂದ ಹೋಲಿಸಿ ನೋಡಲು ಬೇರೆ ಗುರುತೂ ಇರಲಿಲ್ಲ, ಹಾಗಾಗಿ ಅವರು ಐವತ್ತು ಮೀಟರ್ ಮುಂದಿದ್ದಾರೋ ನೂರು ಮೀಟರ್ ಮುಂದಿದ್ದಾರೋ ಹೇಳುವುದು ಕಷ್ಟವಾಯಿತು. ಅದೇ ದೀಪವನ್ನು ಒಂದೇ ಸಮನೆ ಉರಿಸಿದಾಗ ಅಂತರ ಕಡಿಮೆಯಾಗುತ್ತಿರುವುದು ನಿಧಾನವಾಗಿ ಆದರೆ ಖಚಿತವಾಗಿ ತಿಳಿಯುತ್ತಿತ್ತು. ಊರೊಳಗಿನ ಮಾತು ಬೇರೆ. ಆಟೊ, ಬಸ್ಸು, ಸ್ಕೂಟರುಗಳ ಕೆಂಪು ದೀಪಗಳ ನಡುವೆ ಸೈಕಲ್ಲಿನ ಪುಟ್ಟ ದೀಪವೂ ಅವುಗಳಲ್ಲಿ ಒಂದಾಗಿ ಕಳೆದುಹೋಗುವ ಸಾಧ್ಯತೆ ಇರುವುದರಿಂದ ಅಲ್ಲಿ ಮಿನುಗುವ ದೀಪ ಸೈಕಲ್ಲನ್ನು ಪ್ರತ್ಯೇಕವಾಗಿ ಗುರುತಿಸಲು ನೆರವಾಗುತ್ತದೆ. ಕೆಲವು ದೀಪಗಳಲ್ಲಿ ಬೆಳಕು ಪೂರ್ತಿ ಆರದೆ ಹೆಚ್ಚುತ್ತಾ ತಗ್ಗುತ್ತಾ ಇರುವ ವ್ಯವಸ್ಥೆಯಿದೆ. ಎರಡೂ ಗುಣಗಳನ್ನು ಒಂದರಲ್ಲೇ ಬಯಸುವವರಿಗೆ ಇದೇ ಅತ್ಯುತ್ತಮ, ಮತ್ತು ಒಂದೇ ದೀಪ ಕೊಳ್ಳುವವರು ಈ ಸೌಲಭ್ಯ ಇದೆಯೇ ಎಂದು ಕೇಳಿಯೇ ಕೊಳ್ಳಬೇಕೆಂದು ನನ್ನ ಒತ್ತಾಯ. ಎರಡು ದೀಪಗಳನ್ನು ಹಾಕಿಕೊಳ್ಳುವವರು ಒಂದನ್ನು ಒಂದೇ ಸಮನೆ ಉರಿಸಿ ಇನ್ನೊಂದು ಚಿಕ್ಕದನ್ನು ಮಿನುಗಲು ಬಿಡಬಹುದು.

ಈಗ ದೀಪವನ್ನು ಕಟ್ಟುವ ಬಗೆಗೆ ಬರೋಣ. ಹಿಂಬದಿ ದೀಪಗಳ ವಿಷಯದಲ್ಲಿ ಅತಿ ಹೆಚ್ಚು ತಪ್ಪುಗಳಾಗುವುದು ಇಲ್ಲಿಯೇ, ಮತ್ತು ಹೆಚ್ಚಿನ ವಿಮರ್ಶೆಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಸೈಕಲ್ಲಿನ ಸೀಟ್ ಪೋಸ್ಟ್, ಅಂದರೆ ಸೀಟನ್ನು ಹೊತ್ತ ಕಂಬ, ನೆಟ್ಟಗೆ ನಿಂತಿರುವುದಿಲ್ಲ. ಸಾಮಾನ್ಯವಾಗಿ ನೆಲಕ್ಕೆ 73 ಡಿಗ್ರಿಯ ಆಸುಪಾಸಿನ ಕೋನದಲ್ಲಿ ಹಿಂದಕ್ಕೆ ವಾಲಿರುತ್ತದೆ. ಅದರ ಬೆನ್ನಿಗೆ ದೀಪವನ್ನು ನೇರವಾಗಿ ಒತ್ತಿ ಕಟ್ಟಿದರೆ ದೀಪದ ಮುಖ ಸುಮಾರು 17 ಡಿಗ್ರಿಯಷ್ಟು ಕೆಳಕ್ಕೆ ತಿರುಗುತ್ತದೆ. ನೆಲದಿಂದ 80 ಸೆಂ.ಮೀ. ಎತ್ತರದಲ್ಲಿ ಕಟ್ಟಿದ ದೀಪದ ಬೆಳಕಿನ ತಿರುಳು ಆಗ ಹಿಂದಿನ ಚಕ್ರ ದಾಟಿದ ಕೂಡಲೇ, ಎರಡೂವರೆ ಮೀಟರಿನ ಆಚೀಚೆ, ಡಾಂಬರಿನ ಮೇಲೆ ಬಿದ್ದು ಮುಗಿದುಹೋಗುತ್ತದೆ. ಹಿಂದಿನ ಚಾಲಕರಿಗೆ ಸಿಗುವುದು ಅಂಚಿನಿಂದ ಸೋರಿದ ಮಂಕು ಬೆಳಕು ಮಾತ್ರ. ಒಳ್ಳೆಯ ದೀಪಗಳ ಹಿಡಿಕೆಯಲ್ಲಿ ಈ ಓರೆಯನ್ನು ಸರಿದೂಗಿಸುವ ಆಕಾರದ ರಬ್ಬರ್ ತುಂಡು ಇರುತ್ತದೆ, ಇಲ್ಲವೇ ದೀಪವನ್ನು ಮೇಲೆ ಕೆಳಗೆ ಓಲಿಸಿ ಬಿಗಿಯಬಲ್ಲ ಸ್ಕ್ರೂ ಇರುತ್ತದೆ. ಕೊಳ್ಳುವ ಮುನ್ನ ಅಂಗಡಿಯಲ್ಲೇ ಯಾವುದಾದರೂ ಸೈಕಲ್ಲಿಗೆ ಕಟ್ಟಿಸಿ, ಹತ್ತು ಹೆಜ್ಜೆ ಹಿಂದೆ ಹೋಗಿ, ಕಾರಿನಲ್ಲಿ ಕುಳಿತವರ ಕಣ್ಣಿನ ಎತ್ತರಕ್ಕೆ ಬಾಗಿ ನೋಡಬೇಕು. ದೀಪದ ನಡುವಿನ ಚುಕ್ಕಿ ನೇರವಾಗಿ ಕಣ್ಣಿಗೆ ಹೊಡೆದರೆ ಸರಿಯಾಗಿದೆ ಎಂದರ್ಥ.

ರಬ್ಬರ್ ಪಟ್ಟಿಯ ಅಗ್ಗದ ದೀಪವೊಂದನ್ನು ನಾನು ಕೆಲಕಾಲ ಬಳಸಿದ್ದೆ. ಪಟ್ಟಿಯ ತೂತುಗಳ ಸುತ್ತ ಕೆಲವೇ ವಾರಗಳಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡಿದವು. ಹಂಪ್ ಹಾರಿದಾಗಲೆಲ್ಲ ದೀಪ ಕಂಬದ ಸುತ್ತ ಚೂರು ಚೂರೇ ತಿರುಗಿ, ಮನೆ ಮುಟ್ಟುವ ಹೊತ್ತಿಗೆ ರಸ್ತೆಯ ಪಕ್ಕದ ಚರಂಡಿಯನ್ನು ಬೆಳಗುತ್ತಿತ್ತು. ಆ ದೀಪದ ಬೆಳಕಿನಲ್ಲಿ ದೋಷವಿರಲಿಲ್ಲ, ದೋಷವಿದ್ದುದು ಪಟ್ಟಿಯ ಹಿಡಿತದಲ್ಲಿ. ಪಟ್ಟಿಯ ದೀಪವನ್ನೇ ಕೊಳ್ಳುವುದಾದರೆ ಪಟ್ಟಿಯನ್ನು ಬಿಚ್ಚಿ ಬೇರೆ ಹಾಕಿಕೊಳ್ಳುವಂತಿರಬೇಕು, ಮತ್ತು ಬಿಡಿ ಪಟ್ಟಿ ಅದೇ ಅಂಗಡಿಯಲ್ಲಿ ಸಿಗುವಂತಿರಬೇಕು. ದೀಪದ ಮೈಗೇ ಅಂಟಿಸಿ ಎರಕ ಹೊಯ್ದ ಪಟ್ಟಿ ಹರಿದರೆ ಇಡೀ ದೀಪವೇ ಕಸವಾಗುತ್ತದೆ.

ಕ್ಯಾರಿಯರ್ ಇರುವ ಸೈಕಲ್ಲಿಗೆ ಸೀಟ್ ಪೋಸ್ಟ್ ತಕ್ಕ ಜಾಗವೇ ಅಲ್ಲ. ಊಟದ ಬುತ್ತಿ, ತರಕಾರಿ ಚೀಲ, ಮಳೆಕೋಟು, ಏನನ್ನು ಕ್ಯಾರಿಯರಿಗೆ ಸಿಕ್ಕಿಸಿದರೂ ದೀಪ ಅದರ ಹಿಂದೆ ಮುಚ್ಚಿಹೋಗುತ್ತದೆ. ಉದ್ದನೆಯ ಜುಬ್ಬಾ, ದುಪಟ್ಟಾ, ಸೆರಗು ಇಳಿಬಿದ್ದರೂ ಅಷ್ಟೇ. ಇಂಥವರು ಕ್ಯಾರಿಯರಿನ ಹಿಂತುದಿಗೆ ಬೋಲ್ಟಿನಿಂದ ಬಿಗಿಯುವ ದೀಪವನ್ನು ಕೊಳ್ಳಬೇಕು. ಆ ದೀಪಗಳ ಎರಡು ಬೋಲ್ಟುಗಳ ನಡುವಿನ ಅಂತರ ಸಾಮಾನ್ಯವಾಗಿ 50 ಮಿ.ಮೀ. ಅಥವಾ 80 ಮಿ.ಮೀ. ಇರುತ್ತದೆ. ನಮ್ಮ ಹಳೆಯ ಮಾದರಿಯ ಕಬ್ಬಿಣದ ಕ್ಯಾರಿಯರುಗಳಲ್ಲಿ ಆ ತೂತುಗಳಿಲ್ಲದಿದ್ದರೆ, ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಒಂದು ಪಟ್ಟಿ ತಗಡಿಗೆ ತೂತು ಕೊರೆಸಿ ಕೂರಿಸಿಕೊಳ್ಳಬಹುದು. ಬೋಲ್ಟು ಬಿಗಿದ ದೀಪ ಅಲುಗಾಡುವುದಿಲ್ಲ, ಮಾರುಕಟ್ಟೆಯಲ್ಲಿ ಸೈಕಲ್ ನಿಲ್ಲಿಸಿ ಹೋದಾಗ ಕಳ್ಳರ ಕೈಗೂ ಸುಲಭವಾಗಿ ಸಿಗುವುದಿಲ್ಲ.

ಪಕ್ಕದಿಂದಲೂ ಕಾಣುವ ದೀಪವೇ ಬೇಕು. ವೃತ್ತಗಳಲ್ಲಿ, ಅಡ್ಡರಸ್ತೆಗಳಲ್ಲಿ ಅಪಾಯ ಬರುವುದು ಪಕ್ಕದಿಂದ. ದೀಪದ ಗಾಜು ಎರಡೂ ಬದಿಗೆ ಸ್ವಲ್ಪ ಬಾಗಿ ಬಂದಿದ್ದರೆ ಸಾಕು. ಚಪ್ಪಟೆ ಮುಖದ ದೀಪಗಳಲ್ಲಿ ಈ ಗುಣ ಇರುವುದಿಲ್ಲ.

ನೀರಿನ ವಿಷಯದಲ್ಲಿ ಪೆಟ್ಟಿಗೆಯ ಮೇಲಿನ ಐಪಿ ಸಂಕೇತವನ್ನು ಓದಲು ಕಲಿಯಬೇಕು. ಐಪಿಎಕ್ಸ್4 ಎಂದರೆ ಎಲ್ಲ ದಿಕ್ಕಿನಿಂದ ಎರಚುವ ನೀರನ್ನು ತಡೆದೀತು. ಐಪಿಎಕ್ಸ್6 ಎಂದರೆ ಜೋರಾಗಿ ಚಿಮ್ಮುವ ನೀರನ್ನೂ ತಡೆದೀತು. ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿದರೂ ಬದುಕೀತು. ಇವುಗಳನ್ನು ಒಂದರ ಮೇಲೊಂದು ಮೆಟ್ಟಿಲು ಎಂದು ತಿಳಿಯುವುದು ಸರಿಯಲ್ಲ, ಏಕೆಂದರೆ ಮುಳುಗಿಸಿ ಪರೀಕ್ಷಿಸಿದ ದೀಪವನ್ನು ಚಿಮ್ಮುವ ನೀರಿಗೂ ಒಡ್ಡಿ ಪರೀಕ್ಷಿಸಿರಲೇಬೇಕೆಂದಿಲ್ಲ. ಹಿಂಬದಿ ದೀಪಕ್ಕೆ ನಿಜವಾದ ಶತ್ರು ಆಕಾಶದ ಮಳೆಗಿಂತ ಹಿಂದಿನ ಚಕ್ರ ಎತ್ತಿ ಎರಚುವ ಕೆಸರುನೀರು. ಮಡ್‌ಗಾರ್ಡ್ ಇಲ್ಲದ ಸೈಕಲ್ಲಿನಲ್ಲಿ ಅದು ನೇರವಾಗಿ ದೀಪದ ಕೆಳಭಾಗಕ್ಕೆ, ಅಂದರೆ ಬಹುತೇಕ ದೀಪಗಳಲ್ಲಿ ಚಾರ್ಜಿಂಗ್ ತೂತು ಇರುವ ಕಡೆಗೇ ಅಪ್ಪಳಿಸುತ್ತದೆ. ಆ ತೂತನ್ನು ಮುಚ್ಚುವ ರಬ್ಬರ್ ಮುಚ್ಚಳವನ್ನು ಉಗುರಿನಿಂದ ಎತ್ತಿ ಒತ್ತಿ ನೋಡಿ. ಅದು ದಪ್ಪಗಿದ್ದು ಒಳಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳಬೇಕು; ತೆಳ್ಳಗಿದ್ದು ಒಂದು ಮೂಲೆ ಮತ್ತೆ ಮತ್ತೆ ಮೇಲೇಳುತ್ತಿದ್ದರೆ ಜೂನ್ ತಿಂಗಳಲ್ಲೇ ಆ ದೀಪ ಕೈಕೊಡುತ್ತದೆ. ಮಲೆನಾಡು ಮತ್ತು ಕರಾವಳಿಯವರು ಐಪಿಎಕ್ಸ್6ಕ್ಕಿಂತ ಕಡಿಮೆಯದಕ್ಕೆ ಒಪ್ಪಿಕೊಳ್ಳಬಾರದು. ಮಳೆಯಲ್ಲಿ ತೊಯ್ದ ದೀಪವನ್ನು ತೂತು ಒಣಗುವ ಮುನ್ನ ಚಾರ್ಜಿಗೆ ಹಾಕಬಾರದು.

ಚಾರ್ಜ್ ಎಷ್ಟು ಹೊತ್ತು ಬರುತ್ತದೆ ಎಂಬ ಸಂಖ್ಯೆಯನ್ನು ಓದುವಾಗಲೂ ಎಚ್ಚರ ಬೇಕು. ದೊಡ್ಡದಾಗಿ ಅಚ್ಚಾಗಿರುವುದು ಸಾಮಾನ್ಯವಾಗಿ ಮಿನುಗುವಾಗಿನ ಗಂಟೆಗಳು. ಮೇಲೆ ಹೇಳಿದ ವೇರಿಯಾ ದೀಪವೇ ಹಗಲಿನ ಮಿನುಗಿನಲ್ಲಿ 16 ಗಂಟೆ ಬಂದರೆ, ಒಂದೇ ಸಮನೆ ಉರಿಸಿದಾಗ ಬರುವುದು 6 ಗಂಟೆ. ದಿನವೂ ಕಚೇರಿಗೆ ಹೋಗಿ ಬರುವವರಿಗೆ ಇದು ಸಾಕೋ ಸಾಕು. ಬ್ರೆವೆಗೆ, ಅಂದರೆ ನಿಗದಿತ ಅವಧಿಯೊಳಗೆ ಮುಗಿಸಬೇಕಾದ ದೂರದ ಸವಾರಿಗೆ, ಹೊರಡುವವರಿಗೆ ಸಾಲದು: 400 ಕಿ.ಮೀ. ಬ್ರೆವೆಗೆ ಕೊಡುವ ಅವಧಿ 27 ಗಂಟೆ, ಅದರಲ್ಲಿ ಒಂದು ಪೂರ್ತಿ ರಾತ್ರಿ ಸೇರಿರುತ್ತದೆ, ಮತ್ತು ನಮ್ಮ ರಾತ್ರಿ ಎಂದರೆ ಹನ್ನೊಂದು ಹನ್ನೆರಡು ಗಂಟೆಗಳ ಕತ್ತಲು. ಅಂಥವರಿಗೆ ಎಎಎ ಸೆಲ್ಲಿನ ದೀಪವನ್ನು ನಾನು ಈಗಲೂ ಶಿಫಾರಸು ಮಾಡುತ್ತೇನೆ. ಸೆಲ್ಲು ಹೈವೇ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತದೆ. ಚಾರ್ಜ್ ಮಾಡುವ ದೀಪದ ಒಳಗಿನ ಬ್ಯಾಟರಿಯನ್ನು ಹೆಚ್ಚಿನ ಮಾದರಿಗಳಲ್ಲಿ ಬದಲಿಸಲಾಗುವುದಿಲ್ಲ ಎಂಬುದೂ ಲೆಕ್ಕಕ್ಕೆ ಬರಬೇಕು. ಚಾರ್ಜ್ ಮುಗಿಯುತ್ತಾ ಬಂದಾಗ ಗುಂಡಿಯ ಬಣ್ಣ ಬದಲಾಗಿ ಎಚ್ಚರಿಸುವ ದೀಪ ಒಳ್ಳೆಯದು; ಹಾಗೆಯೇ ಹಿಂದಿನ ಸಲ ಯಾವ ರೀತಿಯಲ್ಲಿ ಉರಿಯುತ್ತಿತ್ತೋ ಅದನ್ನು ನೆನಪಿಟ್ಟುಕೊಂಡು ಗುಂಡಿ ಒತ್ತಿದಾಗ ಅದೇ ರೀತಿಯಲ್ಲಿ ಹೊತ್ತಿಕೊಳ್ಳುವ ದೀಪ, ದಿನವೂ ಬಳಸುವವರಿಗೆ ಬಹಳ ಅನುಕೂಲ.

ಚಾರ್ಜಿನ ಗೊಡವೆಯೇ ಬೇಡವೆನ್ನುವವರಿಗೆ ಡೈನಮೋ ಇದೆ. ಟೈರಿಗೆ ಉಜ್ಜಿಕೊಂಡು ತಿರುಗುತ್ತಿದ್ದ ಹಳೆಯ ಬಾಟಲಿ ಡೈನಮೋ ಎಷ್ಟೋ ಮನೆಗಳ ಸೈಕಲ್ಲಿನಲ್ಲಿತ್ತು. ಸೈಕಲ್ ನಿಂತ ಕೂಡಲೇ ದೀಪ ಆರುತ್ತಿದ್ದುದು ಅದರ ದೊಡ್ಡ ಕೊರತೆ. ಈಗಿನ ಹಬ್ ಡೈನಮೋಗಳು ಚಕ್ರದ ನಡುವಿನ ಗುಂಬದಲ್ಲೇ ಅಡಗಿದ್ದು 6 ವೋಲ್ಟ್, 3 ವ್ಯಾಟ್ ವಿದ್ಯುತ್ ಕೊಡುತ್ತವೆ, ಮತ್ತು ಅವುಗಳಿಗೆ ಜೋಡಿಸುವ ಒಳ್ಳೆಯ ಹಿಂಬದಿ ದೀಪಗಳಲ್ಲಿ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಪುಟ್ಟ ಕೆಪಾಸಿಟರ್ ಇದ್ದು, ಸಿಗ್ನಲಿನಲ್ಲಿ ನಿಂತಾಗಲೂ ಕೆಲವು ನಿಮಿಷ ದೀಪ ಉರಿಯುತ್ತಲೇ ಇರುತ್ತದೆ. ಜರ್ಮನಿಯ ಬುಷ್ ಉಂಟ್ ಮ್ಯುಲರ್ ಕಂಪನಿಯ ಟಾಪ್‌ಲೈಟ್ ಲೈನ್ ಪ್ಲಸ್ ಈ ಬಗೆಯದು. ಅದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೆಂದರೆ, ಬೆಳಕು ಒಂದು ಚುಕ್ಕಿಯಾಗಿ ನಿಲ್ಲದೆ ಅಡ್ಡಗೆರೆಯಾಗಿ ಹರಡಿಕೊಳ್ಳುತ್ತದೆ. ಚುಕ್ಕಿ ಹತ್ತಿರ ಬಂದರೂ ಚುಕ್ಕಿಯಾಗಿಯೇ ಕಾಣುತ್ತದೆ. ಗೆರೆ ಹತ್ತಿರವಾದಂತೆ ಉದ್ದವಾಗುತ್ತಾ ಹೋಗುವುದರಿಂದ ಹಿಂದಿನವರಿಗೆ ಅಂತರದ ಅಂದಾಜು ತಾನಾಗಿಯೇ ಸಿಗುತ್ತದೆ. ಬ್ಯಾಟರಿ ದೀಪ ಕೊಳ್ಳುವವರೂ ಇದೇ ಕಾರಣಕ್ಕೆ ಒಂದೇ ಎಲ್‌ಇಡಿ ಚುಕ್ಕಿಯ ಬದಲು ಪಟ್ಟಿಯಂತೆ ಹರಡಿದ ಬೆಳಕಿನ ಮಾದರಿಯನ್ನು ಆರಿಸಿಕೊಳ್ಳಲಿ. ಹಬ್ ಡೈನಮೋಗೆ ಚಕ್ರವನ್ನೇ ಹೊಸದಾಗಿ ಕಟ್ಟಿಸಬೇಕು, ಮತ್ತು ನಮ್ಮ ಸಾಮಾನ್ಯ ಸೈಕಲ್ ಅಂಗಡಿಗಳಲ್ಲಿ ಅದು ಸುಲಭವಾಗಿ ಸಿಗುವುದಿಲ್ಲ. ಹೀಗಾಗಿ ಇದು ದೂರದ ಪ್ರವಾಸಕ್ಕೆ ಸೈಕಲ್ ಸಜ್ಜುಗೊಳಿಸುವವರಿಗೆ ಮಾತ್ರ ಸರಿಹೊಂದುವ ಖರ್ಚು.

ರಾಡಾರ್ ಇರುವ ದೀಪಗಳ ಬಗ್ಗೆ ಅನೇಕರು ಕೇಳುತ್ತಾರೆ. ವೇರಿಯಾ ಹಿಂದಿನಿಂದ ಬರುವ ವಾಹನವನ್ನು 140 ಮೀಟರ್ ದೂರದಿಂದಲೇ ಗುರುತಿಸಿ ಹ್ಯಾಂಡಲ್ ಮೇಲಿನ ಸೈಕಲ್ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಸದ್ದು ಮಾಡಿ ತಿಳಿಸುತ್ತದೆ. ಹೆದ್ದಾರಿಯಲ್ಲಿ, ಗಾಳಿಯ ಸದ್ದಿಗೆ ಹಿಂದಿನ ಎಂಜಿನ್ ಕೇಳಿಸದಿರುವಾಗ, ಇದರ ಉಪಯೋಗ ನಿಜವಾದದ್ದು. ಗುಂಡಿ ತಪ್ಪಿಸಲು ಬಲಕ್ಕೆ ಸರಿಯುವ ಮುನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂಬುದು ತಿರುಗದೆಯೇ ತಿಳಿಯುತ್ತದೆ. ಆದರೆ ನಿಮ್ಮಷ್ಟೇ ವೇಗದಲ್ಲಿ ಹಿಂಬಾಲಿಸುವ ವಾಹನವನ್ನು ಅದು ತೋರಿಸದೆ ಹೋಗಬಹುದು, ಆದ್ದರಿಂದ ತಿರುಗಿ ನೋಡುವ ಅಭ್ಯಾಸವನ್ನು ಬಿಡುವಂತಿಲ್ಲ. ನಗರದ ದಟ್ಟಣೆಯಲ್ಲಂತೂ ಸದ್ದು ನಿಲ್ಲುವುದೇ ಇಲ್ಲ. ಬೆಲೆ ಸಾಮಾನ್ಯ ದೀಪದ ಹತ್ತು ಪಟ್ಟಿಗಿಂತ ಹೆಚ್ಚು. ಊರೊಳಗೆ ಮಾತ್ರ ಓಡಾಡುವವರು ಇದಕ್ಕೆ ಹಣ ಹಾಕುವುದು ವ್ಯರ್ಥ ಎಂದೇ ನನ್ನ ಅಭಿಪ್ರಾಯ.

ದೀಪ ಬಂದ ಮೇಲೆ ಕೆಂಪು ರಿಫ್ಲೆಕ್ಟರನ್ನು ಕಿತ್ತುಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಚಾರ್ಜ್ ಮುಗಿದ ದೀಪದ ಜೊತೆಗೆ ಉಳಿಯುವ ಏಕೈಕ ರಕ್ಷಣೆ ಅದು. ಕೇಂದ್ರ ಸರ್ಕಾರವು 2020ರ ಆದೇಶದ ಮೂಲಕ ಸೈಕಲ್ಲಿನ ರಿಫ್ಲೆಕ್ಟರುಗಳನ್ನು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುಣಮಟ್ಟದ ವ್ಯಾಪ್ತಿಗೆ ತಂದಿದೆ. ಕೊಳ್ಳುವಾಗ ಆ ಗುರುತನ್ನು ನೋಡಿ ಕೊಳ್ಳಿ. ಪೆಡಲಿನ ಹಳದಿ ರಿಫ್ಲೆಕ್ಟರುಗಳಂತೂ ಅತ್ಯಂತ ಬೆಲೆಯುಳ್ಳವು, ಏಕೆಂದರೆ ಮೇಲೆ ಕೆಳಗೆ ಆಡುವ ಆ ಜೋಡಿಯನ್ನು ಕಂಡ ಯಾರಿಗೂ ಮುಂದಿರುವುದು ಸೈಕಲ್ಲು ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಆದರೆ ರಿಫ್ಲೆಕ್ಟರೊಂದನ್ನೇ ನಂಬುವುದೂ ಆಗದು. ಎದುರಿನಿಂದ ಹೈಬೀಮ್ ಹಾಕಿಕೊಂಡು ಲಾರಿಯೊಂದು ಬಂದರೆ, ನಿಮ್ಮ ಹಿಂದಿನ ಚಾಲಕರ ಕಣ್ಣು ಕೋರೈಸಿ, ತಮ್ಮ ಹೆಡ್‌ಲೈಟಿನಲ್ಲಿ ಮಿಂಚುವ ರಿಫ್ಲೆಕ್ಟರು ಅವರಿಗೆ ಕಾಣದೆ ಹೋಗಬಹುದು. ಆ ಕೆಲವು ಸೆಕೆಂಡುಗಳಲ್ಲಿ ಕೆಲಸಕ್ಕೆ ಬರುವುದು ಸ್ವಂತ ಬೆಳಕಿರುವ ದೀಪವೇ.

ಹಾಗಾದರೆ ಏನನ್ನು ಕೊಳ್ಳಬೇಕು? ನಗರದಲ್ಲಿ ಕಚೇರಿಗೆ ಹೋಗಿ ಬರುವವರಿಗೆ ಒಂದೇ ಸಮನೆ ಉರಿಯುವಾಗ 15ರಿಂದ 30 ಲ್ಯುಮೆನ್ ಕೊಡುವ, ಬೆಳಕು ಪಟ್ಟಿಯಂತೆ ಹರಡುವ, ಕಟ್ಟುವ ರಬ್ಬರ್ ಪಟ್ಟಿಯನ್ನು ಬದಲಿಸಬಹುದಾದ, ಯುಎಸ್‌ಬಿ-ಸಿ ಚಾರ್ಜಿನ ಮಧ್ಯಮ ಬೆಲೆಯ ದೀಪ ಸಾಕು. ಜಪಾನಿನ ಕ್ಯಾಟ್‌ಐ ಕಂಪನಿಯ ದೀಪಗಳನ್ನೂ ಡೆಕಾಥ್ಲಾನ್ ಅಂಗಡಿಯವರದೇ ದೀಪಗಳನ್ನೂ ಈ ದೃಷ್ಟಿಯಿಂದ ಕೈಯಲ್ಲಿ ಹಿಡಿದು ನೋಡಿ ಹೋಲಿಸಬಹುದು. ಹೆದ್ದಾರಿಯಲ್ಲಿ ರಾತ್ರಿ ಸಾಗುವವರು ಎರಡು ದೀಪಗಳಿಲ್ಲದೆ ಹೊರಡಬಾರದು, ಮತ್ತು ಅವೆರಡೂ ಒಂದೇ ದಿನ ಚಾರ್ಜ್ ಮಾಡಿದ ಒಂದೇ ಮಾದರಿಯವಾಗಿರದಿದ್ದರೆ ಒಳ್ಳೆಯದು, ಏಕೆಂದರೆ ಅಂಥವು ಒಟ್ಟಿಗೇ ಆರುತ್ತವೆ. ಸಂಜೆ ಟ್ಯೂಷನ್ ಮುಗಿಸಿ ಹಳ್ಳಿಗೆ ಮರಳುವ ಮಕ್ಕಳ ಸೈಕಲ್ಲಿಗೆ ನಾನು ಆರಿಸುವುದು ಮಡ್‌ಗಾರ್ಡಿಗೋ ಕ್ಯಾರಿಯರಿಗೋ ಬೋಲ್ಟಿನಿಂದ ಬಿಗಿದ, ಒಂದೇ ಗುಂಡಿಯ, ರಿಫ್ಲೆಕ್ಟರೂ ಸೇರಿಕೊಂಡಿರುವ ಎಎಎ ಸೆಲ್ಲಿನ ದೀಪವನ್ನು. ಬಿಚ್ಚಿ ಒಳಗಿಡುವ, ಚಾರ್ಜಿಗೆ ಹಾಕುವ ಜವಾಬ್ದಾರಿ ಮಕ್ಕಳ ಮೇಲೆ ಬೀಳಬಾರದು, ತಿಂಗಳಿಗೊಮ್ಮೆ ಬೆಳಕು ನೋಡಿ ಸೆಲ್ಲು ಬದಲಿಸುವ ಕೆಲಸವನ್ನು ಮನೆಯ ಹಿರಿಯರು ವಹಿಸಿಕೊಳ್ಳಬೇಕು.